ಹೊರಸಿನ ಮೇಲೆ ಒಣಗಿದ ಕಾಫಿ

ಮಳೆ ಬರಬಹುದಿತ್ತು. ಮೂರು ವರ್ಷ ಮುಖ ತೋರಿಸದ ಮಳೆ, ನನ್ನ ಮಾಳಿಗೆಯ ಮೇಲೆ ಕಾಫಿ ಹರವಿದ ದಿನವೇ ನೆನಪಾಗಿ ಬರಬಹುದಿತ್ತು. ನಮ್ಮ ಸೀಮೆಯ ಮಳೆಗೆ ಅಷ್ಟು ಕುಚೇಷ್ಟೆ ಇದ್ದೇ ಇದೆ. ಹಗ್ಗದ ಹೊರಸಿಗೆ ಬಿಗಿದ ಸೊಳ್ಳೆಪರದೆ ಗಾಳಿಗೆ ಹಾರಿ ಎದುರುಮನೆಯವರ ಹಪ್ಪಳದ ಮೇಲೆ ಬೀಳಬಹುದಿತ್ತು. ಕೋಟೆ ಕಡೆಯ ಕೋತಿಗಳಿಗೆ ಸುದ್ದಿ ಹೋಗಬಹುದಿತ್ತು. ಹೊರಸಿನ ಕಾಲು ಮುರಿಯಬಹುದಿತ್ತು. ಅದು ಅಷ್ಟೂರಿನ ಸೋದರಮಾವನ ಹೊರಸಾದ್ದರಿಂದ ಮಾವ ಮಾತು ಬಿಡಬಹುದಿತ್ತು. ಕಾಯಿಗೆ ಬೂಸು ಹಿಡಿಯಬಹುದಿತ್ತು. ಬೀಟಿಗೆ ಬಂದ ಪೊಲೀಸನೊಬ್ಬ ಮಾಳಿಗೆ ನೋಡಿ, ಇದೇನು ಒಣಗಿಸುತ್ತಿದ್ದೀರಿ ಎಂದು ಕೇಳಬಹುದಿತ್ತು; ನಾನು ತೊದಲಬಹುದಿತ್ತು; ತೊದಲಿದ ತಪ್ಪಿಗೇ ಠಾಣೆಗೆ ಹೋಗಬೇಕಾಗಬಹುದಿತ್ತು. ಬಿಸಿಲಿಗೆ ಅಕ್ಕನಿಗೆ ತಲೆ ಸುತ್ತಿ, ಕಟ್ಟೆಯಿಲ್ಲದ ನಮ್ಮ ಮಾಳಿಗೆಯಿಂದ ಕೆಳಗೆ ಬೀಳಬಹುದಿತ್ತು. ಕೆಳಗೆ ನಾನೇ ನಿಂತಿರಬಹುದಿತ್ತು.

ಇವನ್ನೆಲ್ಲ ಒಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಂಬರು ಹಾಕಿ ಬರೆದಿದ್ದೆ. ಇಪ್ಪತ್ತಾರು ಆಗಿದ್ದವು. ಇಪ್ಪತ್ತಾರರಲ್ಲಿ ಒಂದೂ ಆಗಲಿಲ್ಲ.

ಅಕ್ಕ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಬಸ್ ಕಂಡಕ್ಟರ್. ನಾನು ಭಾಲ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರ, ಮನೆ ಬೀದರಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಂಡಕ್ಟರ್ ಔರಾದ ಕಡೆಯವನು, ಅಕ್ಕನ ಊರವನೇ. ಟಿಕೆಟ್ ಹರಿದು ಕೈಗೆ ಕೊಡುತ್ತ, "ನಿಮ್ ಕಾಫಿ ಅಕ್ಕ ಹೋದ್ಳಲ್ರಿ ಸರ್" ಎಂದ.

"ಎಲ್ಲಿಗಿ?" ಎಂದೆ.

ಆತ ನನ್ನ ಮುಖ ನೋಡಿದ. ಬಸ್ಸು ಹಾಲಹಳ್ಳಿಯ ಕ್ರಾಸು ದಾಟುವವರೆಗೂ ನನಗೆ ಗೊತ್ತಾಗಲಿಲ್ಲ. ಪ್ರಪಂಚದ ಎಲ್ಲ ಕೇಡನ್ನೂ ಮುಂಚಿತವಾಗಿ ಎಣಿಸಿಟ್ಟುಕೊಳ್ಳುವ ಮನುಷ್ಯ ನಾನು. ಹೆಂಡತಿಗೆ ಕೆಮ್ಮು ಬಂದರೆ ಆಸ್ಪತ್ರೆಯ ಯಾವ ವಾರ್ಡು ಎಂಬುದರವರೆಗೆ ಯೋಚಿಸಿರುತ್ತೇನೆ. ಆದರೆ ಅಕ್ಕ ಹೀಗೆ ಕೂತಲ್ಲೇ ಸಾಯಬಹುದು ಎಂಬುದು ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ. ಬೆಳಿಗ್ಗೆ ಹಸಿಮೆಣಸಿನಕಾಯಿ ಸೋಸುತ್ತ ಕೂತವಳು ಹಾಗೇ ಗೋಡೆಗೆ ಒರಗಿದಳಂತೆ. ಅಷ್ಟೇ.

ಆಕೆ ಒಡಹುಟ್ಟಿದವಳಲ್ಲ; ಹೆಸರು ಬರೆಯುವುದಿಲ್ಲ. ಬೀದರಿನ ಮಿಷನ್ ಸಾಲಿಯಲ್ಲಿ ನನಗಿಂತ ಎರಡು ವರ್ಷ ದೊಡ್ಡವಳು. ಹಾಸ್ಟೆಲಿನಲ್ಲಿದ್ದು ಏಳನೆಯ ಇಯತ್ತೆಯವರೆಗೆ ಓದಿದಳು. ನಮ್ಮದು ಮೆಥೋಡಿಸ್ಟ್ ಮನೆತನ, ಆಕೆಯದು ಔರಾದ ತಾಲೂಕಿನ ಬೌದ್ಧ ಮನೆತನ. ಹಾಸ್ಟೆಲಿನ ಜೋಳದ ರೊಟ್ಟಿಗೆ ನಮ್ಮವ್ವ ಕಳಿಸುತ್ತಿದ್ದ ಶೇಂಗಾ ಹಿಂಡಿಯೇ ನಮ್ಮ ಸ್ನೇಹದ ಬುಡ. ಆಗ ನಾವು 'ನೀ' ಅನ್ನುತ್ತಿದ್ದೆವು. ನಾನು ಮಾಸ್ತರನಾದ ಮೇಲೆ ಆಕೆ ನನ್ನ ಮಾತಿನ ಹಿಂದೆ ಒಂದು 'ರಿ' ಅಂಟಿಸಿದಳು. ಸಿಟ್ಟು ಬಂದಾಗ ಮಾತ್ರ ಅದು ಉದುರುತ್ತಿತ್ತು.

ಅಕ್ಕನಿಗೆ ಒಂದು ಚಟವಿತ್ತು. ಒಣಗಲು ಹಾಕಿದ್ದು ಏನೇ ಕಂಡರೂ ನಿಂತು ತಿರುವಿ ಹಾಕುತ್ತಿದ್ದಳು. ಯಾರದೋ ಮನೆಯ ಮುಂದಿನ ಮೆಣಸಿನಕಾಯಿ, ಯಾರದೋ ಅಂಗಳದ ತೊಗರಿ, ಗುರುತಿಲ್ಲದವರ ಸಂಡಿಗೆ. ಒಮ್ಮೆ ಭಾಲ್ಕಿಯ ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬ ಮುದುಕಿ ಅರಿಶಿಣದ ಕೊಂಬು ಹರವಿದ್ದಳು. ಅಕ್ಕ ಚೀಲ ನನ್ನ ಕೈಗೆ ಕೊಟ್ಟು, ಕುಕ್ಕರುಗಾಲಲ್ಲಿ ಕೂತು, ಅರ್ಧ ಅರಿಶಿಣ ತಿರುವಿದಳು. ಮುದುಕಿ "ಯಾರ್ರೀ ನೀವ?" ಎಂದು ಕೋಲು ಎತ್ತಿಕೊಂಡು ಬಂದರೆ, "ಒಂದೇ ಮಗ್ಗಲಿಗಿ ಮಲಗ್ಸಿದ್ರ ಯಾರಿಗರ ನಿದ್ದಿ ಬರ್ತದೇನ್ ಆಯಿ?" ಎಂದಳು. ಬಸ್ಸು ತಪ್ಪಿತು. ಮುದುಕಿ ಇಬ್ಬರಿಗೂ ಚಹಾ ಕುಡಿಸಿದಳು. ಆ ಚಹಾದ ನೀರು ಎಲ್ಲಿಯದೋ ಎಂದು ನಾನು ಎರಡು ದಿನ ಹೊಟ್ಟೆ ಮುಟ್ಟಿ ನೋಡಿಕೊಂಡೆ.

ಈ ಚಟ ಬಂದದ್ದು ಕಾಫಿ ಸೀಮೆಯಿಂದ. ಬರದ ಆ ವರ್ಷಗಳಲ್ಲಿ ಔರಾದ ಕಡೆಯ ಜನ ಪುಣೆಗೆ, ಹೈದರಾಬಾದಿಗೆ ಗುಂಪುಗುಂಪಾಗಿ ಹೋಗುತ್ತಿದ್ದರು. ಅಕ್ಕನ ಓಣಿಯ ಹತ್ತು ಮನೆಯವರು ಮಾತ್ರ ದೀಪಾವಳಿ ಮುಗಿದ ಕೂಡಲೆ ಬೀಗ ಹಾಕಿ, ತೆಂಕಣಕ್ಕೆ, ಕಾಫಿ ತೋಟಕ್ಕೆ ಹೊರಡುತ್ತಿದ್ದರು. ಹಣ್ಣು ಬಿಡಿಸುವ ಕೆಲಸ. ಅಕ್ಕನ ಕೈ ನೋಡಿ ಆಕೆಯನ್ನು ಕಣಕ್ಕೆ ಹಾಕಿದರು. ಅಲ್ಲಿ ಕಣ ಅಂದರೆ ಸಿಮೆಂಟಿನ ದೊಡ್ಡ ಅಂಗಳ, ಕಾಫಿ ಒಣಗಿಸುವ ಜಾಗ.

ನಾನು ಕಾಫಿ ಅಂದರೆ ಬಹಳ ಸಂಭಾವಿತ ಪಾನೀಯ ಎಂದುಕೊಂಡಿದ್ದೆ. ಒಂದು ಬೇಸಿಗೆಯಲ್ಲಿ ಅಕ್ಕ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೇಳಿದಳು:

"ಹಣ್ಣ ಒಂದ್ ಮಷೀನಿಗಿ ಹಾಕ್ತಾರ್ರಿ ಮಾಸ್ತರ್. ಸಿಪ್ಪಿ ಸುಲೀತದ. ಆಮ್ಯಾಗ ಬೀಜದ ಲೋಳಿ ಹೋಗ್ಲಿಕ್ಕಿ ತೊಳದಿದ್ದೇ ತೊಳದಿದ್ದು. ನಮ್ ಇಡೀ ಓಣಿಗಿ ಒಂದ್ ತಿಂಗಳ ಸಾಕಾಗೂ ನೀರು ಅಲ್ಲಿ ಒಂದ್ ಮುಂಜಾನಿಗಿ ಹೋಗ್ತದ. ಆ ನೀರು ಸೀದಾ ಹಳ್ಳಕ್ಕ. ಹಳ್ಳ ಕರ್ರಗಾಗ್ತದ, ನಾರ್ತದ. ಮೀನ ಹೊಟ್ಟಿ ಮ್ಯಾಗ ಮಾಡಿ ತೇಲ್ತಾವ."

"ಮತ್ತ ಕುಡೀಲಿಕ್ಕಿ?"

"ಅದೇ ಹಳ್ಳ. ನಮ್ ಕೂಲಿಯವರ ಲೈನ್‌ಮನಿ ಕೆಳಗಿನ ದಂಡಿಗೇ ಅವಲ್ರಿ."

ನನ್ನ ಕೈಯಲ್ಲಿ ಕಪ್ ಇತ್ತು. ಅಂದು ಅದು ಕಾಫಿಯೇ ಆಗಿತ್ತು, ಪಾಕೀಟಿನದು. ಕೆಳಗಿಟ್ಟೆ. ಇನ್ನೊಂದು ಮಾತು ಕೇಳಿ ಮತ್ತೂ ದಂಗಾದೆ: ಮೋಡ ಕವಿದರೆ ಒಣಗಿಸಲಿಕ್ಕೆ ಉರಿ ಹಾಕುವ ದೊಡ್ಡ ಡ್ರಮ್ಮಿದೆಯಂತೆ, ವಾರಕ್ಕೆ ಎಷ್ಟು ಮರ ಅದರ ಬಾಯಿಗೆ ಹೋಗುತ್ತವೆಂದು ಆಕೆ ಕೈ ಅಗಲಿಸಿ ತೋರಿಸಿದಳು. ನಮ್ಮೂರಿನಲ್ಲಿ ಒಂದು ಬೇವಿನ ಟೊಂಗೆ ಕಡಿದರೆ ಜಗಳವಾಗುವ ಕಾಲ ಅದು.

"ಇಷ್ಟೆಲ್ಲ ಬೇಕಾಗಿಲ್ರಿ," ಎಂದಳು ಅಕ್ಕ. "ಹಣ್ಣ ಇಡಿಗಿ ಇಡೀನೇ ಒಣಗಿಸ್ಬಹುದು. ನೀರ್ ಬ್ಯಾಡ, ಬೆಂಕಿ ಬ್ಯಾಡ. ನೆಲದ ಮ್ಯಾಗ ಹಾಕಿದ್ರ ಕೆಳಗ ಬೆವರ್ತದ, ಕೊಳೀತದ. ಎತ್ತರದಾಗ ಜಾಳಗಿ ಕಟ್ಟಿ ಹಾಕ್ಬೇಕು, ಕೆಳಗಿಂದನೂ ಗಾಳಿ ಆಡ್ಬೇಕು. ಹೊರಸಿನ ಮ್ಯಾಗ ಮಲಗಿದಾಂವಗ ಬೆನ್ನಿಗಿ ಗಾಳಿ ಬಡೀತದಲ್ಲ, ಹಂಗ."

ಇದನ್ನೇ ಆಕೆ ತೋಟದ ಸಾಹುಕಾರರಿಗೂ ಹೇಳಿದ್ದಳು. ಒಂದಲ್ಲ, ನಾಲ್ಕು ಸುಗ್ಗಿ. ನಾಲ್ಕನೆಯ ವರ್ಷ ಆ ಹಿರಿಯರು ಬೇಸತ್ತೋ, ಕುತೂಹಲಕ್ಕೋ, "ಆಯ್ತಮ್ಮ, ಕೊನೇ ಕುಯ್ಲಿನ ಎರಡು ಮೂಟೆ ಹಣ್ಣು ನಿಂಗೆ. ನೀನೇ ಒಣಗಿಸಿ ಬೀಜ ಮಾಡ್ಕೊಂಡು ಬಾ. ರುಚಿ ನೋಡೋರು ಬರ್ತಾರೆ. ಅವರು ಹೂಂ ಅಂದ್ರೆ ಬರೋ ವರ್ಷ ಆ ಮಷೀನು ನಿಲ್ಲಿಸ್ತೀನಿ, ಕಣ ನಿಂದೇ" ಎಂದರಂತೆ. ಆದರೆ ಸುಗ್ಗಿ ಮುಗಿದು, ಕಾಫಿ ಗಿಡಕ್ಕೆ ಹೂ ತರಿಸುವ ಹೂಮಳೆ ಅಲ್ಲಿ ಶುರುವಾಗಿತ್ತು, ಲೈನ್‌ಮನೆ ಖಾಲಿ ಮಾಡಿಸುತ್ತಿದ್ದರು. ವಾರ ಕಾಲ ಜಾಲರಿಯ ಮೇಲೆ ಬಾಡಿಸಿದ ಹಣ್ಣನ್ನು ಅಕ್ಕ ರೈಲು ಹತ್ತಿಸಿಬಿಟ್ಟಳು.

ಭಾಲ್ಕಿಯಲ್ಲಿ ನಾನು ಒಂಬತ್ತನೆಯವರಿಗೆ ಆವಿಯಾಗುವಿಕೆ ಹೇಳುತ್ತಿದ್ದಾಗಲೇ ಫೋನು ಬಂತು.

"ಮಾಸ್ತರ್, ನಿಮ್ ಮಾಳಿಗಿ ಖಾಲಿ ಅದಾ?"

"ಅದ. ಯಾಕ?"

"ಬೀದರ್ ಸ್ಟೇಷನ್‌ದಾಗ ಇದ್ದೀನ್ರಿ. ನಮ್ ಊರಾಗ ಮಣ್ಣಿನ ಮಾಳಿಗಿ, ಧೂಳು, ಆಡು. ನಿಮ್ದು ಸಿಮೆಂಟಿಂದು. ಬರ್ಲಕತ್ತೀನಿ."

ಮನೆಗೆ ಬಂದು ನೋಡಿದರೆ ಹೆಂಡತಿ ಆಗಲೇ ಮಾವನ ಊರಿಂದ ಎರಡು ಹೊರಸು ತರಿಸಿದ್ದಳು. ಅಕ್ಕ ಅದರ ಮೇಲೆ ನಮ್ಮ ಮದುವೆಯ ಸೊಳ್ಳೆಪರದೆ ಬಿಗಿಯುತ್ತಿದ್ದಳು. ರೈಲಿನಲ್ಲಿ ಮೂಟೆ ಬಾಯಿ ಕಟ್ಟಿಟ್ಟರೆ ಹಣ್ಣು ಬೇಯುತ್ತದೆಂದು, ಸೀಟುಗಳ ನಡುವೆ ಸೀರೆ ಹಾಸಿ ಹರವಿಕೊಂಡೇ ಬಂದಿದ್ದಳಂತೆ. ಟಿಕೆಟ್ ನೋಡುವವನು ಕಾಲಿಡಲು ಜಾಗವಿಲ್ಲದೆ ಬೈದರೆ, ಕೈಗೆ ನಾಲ್ಕು ಹಣ್ಣು ಕೊಟ್ಟು ಚೀಪಲು ಹೇಳಿದ್ದಳು. ಸಿಹಿ ಇತ್ತು ಅಂದನಂತೆ.

ಹನ್ನೊಂದು ದಿನ ನಮ್ಮ ಮಾಳಿಗೆ ಅಕ್ಕನದು.

ನಾನು ಸಾಲಿಯ ಲ್ಯಾಬಿನಿಂದ ಥರ್ಮಾಮೀಟರು ತಂದೆ. ಆಕೆ ಅದರಿಂದ ಬೆನ್ನು ತುರಿಸಿಕೊಂಡಳು. ಹಣ್ಣಿನ ಪದರ ಎರಡು ಬೆರಳಿಗಿಂತ ದಪ್ಪ ಇರಕೂಡದು. ತಾಸಿಗೊಮ್ಮೆ ಕೈಯಾಡಿಸಬೇಕು. ಸೂರ್ಯ ನೆತ್ತಿಗೆ ಬಂದಾಗ ತೆಳ್ಳನೆ ಸೀರೆ ಮುಚ್ಚಬೇಕು. ನಾನು ಆಶ್ಚರ್ಯಪಟ್ಟೆ: ಒಣಗಬೇಕಾದ್ದಕ್ಕೆ ನೆರಳು ಯಾಕೆ?

"ನಿಮ್ ಬೀದರ್ ಬಿಸಿಲಿಗಿ ಅವಸ್ರ ಭಾಳ," ಎಂದಳು. "ಹೊರಗ ಕಟಕಟ ಒಣಗಿಸಿ ಒಳಗ ಹಸಿ ಬಿಟ್ಟು ಹೋಗ್ತದ. ಸಾವಕಾಶ ಒಣಗಿದ್ದೇ ಖರೆ ಒಣಗೋದು."

ಒಂದು ಹಿಡಿ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳುತ್ತಿದ್ದಳು. ಒಳಗಿನ ಬೀಜ ಗಳಗಳ ಅಂದರೆ ಆಯಿತು. ನಾಲ್ಕನೆಯ ದಿನ ನನ್ನ ಹೆಂಡತಿ, "ಇವ್ರನ್ನ ಅಲ್ಲಾಡ್ಸಿ ನೋಡ್ರಿ ಅಕ್ಕ" ಎಂದು ನನ್ನನ್ನು ಮುಂದೆ ತಳ್ಳಿದಳು. ಅಕ್ಕ ನನ್ನ ತಲೆ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಕಿವಿಗೊಟ್ಟು, "ಪೂರಾ ಒಣಗ್ಯದವ್ವ" ಎಂದಳು. ಕೆಳಗೆ ಟ್ಯಾಂಕರಿನ ನೀರಿಗೆ ಕೊಡ ಹಿಡಿದು ನಿಂತವರೆಲ್ಲ ಕತ್ತೆತ್ತಿ ನಕ್ಕರು. ಆ ಟ್ಯಾಂಕರಿನಿಂದ ಕಾಫಿಗಾಗಿ ಒಂದು ತಂಬಿಗೆ ನೀರನ್ನೂ ಆಕೆ ತೆಗೆದುಕೊಳ್ಳಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಆಕೆ ಕ್ರೂರಿ. "ಕಾಫಿ ಅಂದ್ರ ಹಸಗೂಸು ಇದ್ದಂಗ. ಬಾಜೂದಾಗ ಏನ್ ಇರ್ತದೋ ಅದ್ರ ವಾಸನಿ ಹಿಡಕೊಂಡೇ ಬಿಡ್ತದ." ಉಳ್ಳಾಗಡ್ಡಿ ಬುಟ್ಟಿ ಮಾಳಿಗೆಯಿಂದ ಇಳಿಯಿತು. ನನ್ನ ಸ್ಕೂಟರು ಓಣಿಯ ಆ ತುದಿಗೆ ಹೋಯಿತು, ಪೆಟ್ರೋಲು ನಾರುತ್ತದೆಂದು. ಪಕ್ಕದ ಮನೆಯವರು ಮೆಣಸಿನಕಾಯಿ ಕುಟ್ಟುವುದನ್ನು ಒಂದು ವಾರ ಮುಂದೆ ಹಾಕಿದರು. ನಾನು ಬೆನ್ನುನೋವಿಗೆ ಹಚ್ಚಿದ್ದ ಬಾಮಿನಿಂದಾಗಿ ನನಗೇ ಎರಡು ದಿನ ಮಾಳಿಗೆ ಬಂದ್.

ನನ್ನ ನೋಟ್‌ಬುಕ್ಕು ಆಕೆಯ ಕೈಗೆ ಸಿಕ್ಕಿದ್ದು ಎಂಟನೆಯ ದಿನ. ನಿಂತಲ್ಲೇ ಕೊನೆಯ ಪುಟ ಜೋರಾಗಿ ಓದಿದಳು. "'ಹದಿನಾರು: ಅಕ್ಕ ಕೆಳಗೆ ಬೀಳುವುದು. ಹದಿನೇಳು: ನನ್ನ ಮೇಲೆ ಬೀಳುವುದು.' ನಾ ಸಾಯ್ತೀನಂತ ಫಿಕರ್ ಒಂದ್ ಸಾಲು, ನೀವ್ ಸಾಯ್ತೀರಂತ ಬ್ಯಾರೇ ಸಾಲು! ಇಪ್ಪತ್ತಾರು ಫಿಕರ್! ಇಷ್ಟ್ ಇಟ್ಕೊಂಡು ಹ್ಯಾಂಗ್ ನಿದ್ದಿ ಮಾಡ್ತೀರಿ ಮಾಸ್ತರ್?" ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ನಗು ನಿಲ್ಲಿಸಿ ಹೊರಸಿನ ಅಂಚಿಗೆ ಕೂತಳು. "ನನಗ ಒಂದೇ ಅದ. ಇದು ಪಾಸಾಗ್ಬೇಕು. ಬರೂ ವರ್ಷ ನಮ್ ಮಂದಿ ಹಳ್ಳದಾಗ ಮುಖ ಕಾಣೂ ನೀರ್ ಕುಡೀಬೇಕು."

ಕೊನೆಯ ಎರಡು ದಿನ ಒರಳಿನಲ್ಲಿ ಹಗುರಕ್ಕೆ ಕುಟ್ಟಿ, ಮೊರದಲ್ಲಿ ಕೇರಿದಳು. ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ. ಸಿಪ್ಪೆಯನ್ನೂ ಬಿಸಾಡಲಿಲ್ಲ, ಒಂದು ಮುಷ್ಟಿ ಕುದಿಸಿ ಬೆಲ್ಲ ಹಾಕಿ ನಮಗೆ ಕುಡಿಸಿದಳು, ಉಳಿದದ್ದು ಹೆಂಡತಿಯ ಗುಲಾಬಿ ಬುಡಕ್ಕೆ ಹೋಯಿತು. ಬೀಜ ಹೊಂಬಣ್ಣಕ್ಕಿತ್ತು, ಕಚ್ಚಿದರೆ ಟಕ್ ಅನ್ನುತ್ತಿತ್ತು. ಹೊಸ ಚೀಲಕ್ಕೆ ತುಂಬಿಟ್ಟು, ಬಸ್‌ಸ್ಟ್ಯಾಂಡಿಗೆ ಆಟೋ ತರುತ್ತೇನೆಂದು ಓಣಿಯ ತುದಿಗೆ ನಡೆದಳು. ಚೀಲದ ಬಾಯಿ ಇನ್ನೂ ಹೊಲಿದಿರಲಿಲ್ಲ.

ಆಗ ನಾನೂ ನನ್ನ ಕೈಲಾದ ಒಂದು ಸಣ್ಣ ಸೇವೆ ಮಾಡಿದೆ. ಹುಳದ ಚಿಂತೆ ನನಗೆ. ಪಟ್ಟಿಯಲ್ಲಿ ಅದು ಒಂಬತ್ತನೆಯ ನಂಬರು. ನಮ್ಮವ್ವ ಜೋಳದ ಡಬ್ಬಿಗೆ, ತೊಗರಿಯ ಚೀಲಕ್ಕೆ ಬೇವಿನೆಲೆ ಹಾಕದೆ ಮುಚ್ಚಿದ್ದನ್ನು ನಾನು ಕಂಡಿಲ್ಲ. ಮನೆ ಮುಂದಿನ ಗಿಡದಿಂದ ಒಂದು ಹಿಡಿ ಎಳೆಯ ಎಲೆ ತರಿದು, ನನ್ನ ಕರವಸ್ತ್ರದಲ್ಲಿ ಗಂಟು ಕಟ್ಟಿ, ಮೊಣಕೈಯವರೆಗೆ ತೋಳು ಇಳಿಸಿ ಚೀಲದ ನಟ್ಟನಡುವೆ ಇಟ್ಟೆ. ಉಳ್ಳಾಗಡ್ಡಿ ವಾಸನೆ, ಪೆಟ್ರೋಲು ವಾಸನೆ, ಬಾಮು ವಾಸನೆ. ಆದರೆ ಬೇವು? ನಮ್ಮ ಕಡೆ ಬೇವು ವಾಸನೆಯ ಲೆಕ್ಕದಲ್ಲೇ ಬರುವುದಿಲ್ಲ. ಹುಟ್ಟಿದಾಗಿನಿಂದ ಮೂಗಿನಲ್ಲೇ ಇರುವುದು ಮೂಗಿಗೆ ಗೊತ್ತಾಗುತ್ತದೆಯೆ? ಅಕ್ಕ ಬಂದು ಚೀಲ ಹೊಲಿದಳು. ನಾನು ಹೇಳಲಿಲ್ಲ. ಉಪಕಾರ ಮಾಡಿದ್ದನ್ನು ಹೇಳಿಕೊಳ್ಳಬಾರದು ಎಂದು ನಮ್ಮ ಚರ್ಚಿನಲ್ಲಿ ಕಲಿಸಿದ್ದಾರೆ.

ಊರಲ್ಲಿ ಅಕ್ಕನ ಅಣ್ಣನ ಮಗಳ ಮದುವೆಯಿತ್ತು. ಚೀಲ ಮೂರು ವಾರ ಮನೆಯಲ್ಲೇ ಇದ್ದು, ಯುಗಾದಿ ಮುಗಿದ ಮೇಲೆ ತೆಂಕಣಕ್ಕೆ ಹೋಯಿತು.

ತಿರುಗಿ ಬಂದಾಗ ಅಕ್ಕ ಬೀದರಿನಲ್ಲಿ ಇಳಿದು ನಮ್ಮ ಮನೆಗೆ ಬಂದಳು. "ಪಾಸ್ ಆಗ್ಲಿಲ್ರಿ ಮಾಸ್ತರ್," ಎಂದಳು. ನಾನು ಹೌಹಾರಿದೆ. ಏನಾಯಿತು, ಎಲ್ಲಿ ತಪ್ಪಿತು? "ನನ್ ಕೈಯಾಗೇ ಏನೋ ತಪ್ಪಿತ್ತು ಬಿಡ್ರಿ." ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾನು ಸುಮ್ಮನಿರಬೇಕಿತ್ತು. ಬದಲಿಗೆ ಮಾಸ್ತರಿಕೆಗಿಳಿದೆ; ಹಲಗೆ ಬಳಪ ಒಂದು ಇರಲಿಲ್ಲ, ಅಷ್ಟೇ. ಗಾಳಿಯ ತೇವಾಂಶ, ಬೀಜದ ತೇವಾಂಶ, ಮಧ್ಯಾಹ್ನದ ನೆರಳು ಜಾಸ್ತಿಯಾಗಿರಬಹುದು, ಥರ್ಮಾಮೀಟರನ್ನು ನಂಬಬೇಕಿತ್ತು ಎಂದು ಮುಕ್ಕಾಲು ತಾಸು ಪಾಠ ಮಾಡಿದೆ. ಅಕ್ಕ ತಲೆ ತಗ್ಗಿಸಿ ಕೇಳಿದಳು. ಎದ್ದು ಹೋಗುವಾಗ ಅಂಗಳದಲ್ಲಿ ಹೆಂಡತಿ ಹರವಿದ್ದ ಶೇವಿಗೆಯನ್ನು ತಿರುವಿ ಹಾಕಿ ಹೋದಳು.

ಮುಂದಿನ ಸುಗ್ಗಿಗೆ ಹತ್ತು ಮನೆಯವರು ಮತ್ತೆ ಹೋದರು. ಅದರ ಮುಂದಿನ ಸುಗ್ಗಿಗೂ. ಮಷೀನು ನಡೆದೇ ಇತ್ತು. ಮೂರನೆಯ ವರ್ಷ ಹಳ್ಳಕ್ಕೆ ಕೊಳೆನೀರು ಬಿಡುವ ತೋಟಗಳ ಬಗ್ಗೆ ಕೆಳಗಿನ ಊರವರೇ ಗಲಾಟೆ ಮಾಡಿದ ಮೇಲೆ ಸಾಹುಕಾರರು ಅಕ್ಕನನ್ನು ಕರೆದು ಇನ್ನೊಮ್ಮೆ ಒಣಗಿಸಲು ಹೇಳಿದರಂತೆ, ಅಲ್ಲೇ, ತಮ್ಮ ಕಣ್ಣೆದುರೇ. ಅದು ಪಾಸಾಯಿತು. ಆಮೇಲೆ ಕಣವೆಲ್ಲ ಬಿದಿರಿನ ಹೊರಸು. ಅಕ್ಕ ಅದರ ಮೇಸ್ತ್ರಿ. ಫೋನಿನಲ್ಲಿ, "ಹಳ್ಳದಾಗ ಮೀನ ಬಂದಾವ್ರಿ, ಸಣ್ಣವು" ಎಂದಳು. "ನೋಡು, ನಾ ಹೇಳಿದ ತೇವಾಂಶದ ಮಾತು ಉಪಯೋಗಕ್ಕ ಬಂತು" ಎಂದೆ. "ಹೌದ್ರಿ ಮಾಸ್ತರ್" ಎಂದಳು.

ಹೋದ ತಿಂಗಳು, ಕಂಡಕ್ಟರನ ಆ ಮಾತಿನ ಬೆನ್ನಿಗೇ, ಔರಾದಕ್ಕೆ ಅಕ್ಕನ ಮನೆಗೆ ಹೋದೆ. ಬಸ್ಸು ಕೆಡಬಹುದು, ಹಾರ ಬಾಡಬಹುದು, ಏನು ಮಾತಾಡಲಿ ಎಂದು ದಾರಿಯುದ್ದಕ್ಕೂ ಇದ್ದೇ ಇತ್ತು. ಬುದ್ಧನ ಮೂರ್ತಿಯ ಮುಂದೆ ಅಕ್ಕನ ಫೋಟೊ, ಎರಡು ಮೇಣದಬತ್ತಿ. ಬುದ್ಧವಂದನೆ ಮುಗಿದು ಜನ ಎದ್ದ ಮೇಲೆ ಅಕ್ಕನ ತಂಗಿ ನನ್ನನ್ನು ಒಳಗೆ ಕರೆದಳು. ಪ್ರತಿ ಸುಗ್ಗಿಗೂ, ಆ ಚೀಲ ಒಯ್ದಾಗಲೂ, ಅಕ್ಕನ ಜೊತೆ ತೋಟಕ್ಕೆ ಹೋದವಳು ಅವಳು. ಟ್ರಂಕಿನಿಂದ ಒಂದು ಬಟ್ಟೆಯ ಮಡಿಕೆ ತೆಗೆದು ನನ್ನ ಕೈಯಲ್ಲಿಟ್ಟಳು.

ಬಿಳಿ ಕರವಸ್ತ್ರ. ಒಗೆದು, ಇಸ್ತ್ರಿ ಮಾಡಿದ್ದು. ಮೂಲೆಯಲ್ಲಿ ಕೆಂಪು ದಾರದಲ್ಲಿ ನನ್ನ ಹೆಸರಿನ ಮೊದಲ ಅಕ್ಷರ. ನನ್ನ ಹೆಂಡತಿ ಹಾಕಿದ ಹೊಲಿಗೆ.

"ಇದು... ಎಲ್ಲಿ..."

"ರುಚಿ ನೋಡೂ ಸಾಹೇಬ್ರು ಕುಡದು ಏನಂದ್ರು ಗೊತ್ತೇನ್ರಿ?" ಎಂದಳು ತಂಗಿ. "ಒಣಗ್ಸಿದ್ದು ಬರೋಬರಿ ಅದ, ಇಂಥಾದು ಈ ತೋಟದಾಗ ಕುಡದಿಲ್ಲ, ಆದ್ರ ಏನೋ ಕಹಿ ಎಲಿ ವಾಸನಿ ಬಡೀಲಕತ್ತದ ಅಂದ್ರು. ಸಾಹುಕಾರ್ರು ಚೀಲ ಸುರುವಿಸಿದ್ರು. ನಡುವಿಂದ ಇದ್ರ ಗಂಟು ಬಿತ್ರಿ. ಒಳಗ ಬೇವಿನ ತಪ್ಪಲ, ಬೂಸು ಹಿಡ್ದು ಮುದ್ದಿ ಆಗಿತ್ತು. ಯಾರ್ ಹಾಕಿದ್ದು ಅಂತ ಕೇಳಿದ್ರು."

ನಾನು ಕರವಸ್ತ್ರದ ಮಡಿಕೆ ಬಿಚ್ಚಿದೆ.

"ಅಕ್ಕ ಗಂಟು ಎತ್ಕೊಂಡು ಈ ಅಕ್ಷರ ನೋಡಿದ್ಳು. ಕುಬಸದಾಗ ಇಟ್ಕೊಂಡು 'ನಾನೇ ಹಾಕೀನ್ರಿ, ಜ್ವಾಳಕ್ಕ ಹಾಕೂ ರೂಢಿ' ಅಂದ್ಳು. 'ಇಷ್ಟೂ ಗೊತ್ತಿಲ್ದೋಳ ಕೈಗೆ ಕಣ ಹೇಗಮ್ಮ ಕೊಡ್ಲಿ' ಅಂದ್ರು ಅವ್ರು. ಇನ್ನ ಎರಡ್ ವರ್ಷ ಅದೇ ಹಳ್ಳ ಕುಡದೇವ್ರಿ. ಮೈ ತುಂಬಾ ತುರಿ."

ಮುಕ್ಕಾಲು ತಾಸು. ಈ ಕರವಸ್ತ್ರ ಚೀಲದಲ್ಲೋ ಸೊಂಟದಲ್ಲೋ ಇಟ್ಟುಕೊಂಡೇ ಆಕೆ ನನ್ನ ಮುಂದೆ ಮುಕ್ಕಾಲು ತಾಸು ತೇವಾಂಶದ ಪಾಠ ಕೇಳಿದ್ದಳು.

"ನನಗ ಹೇಳ್ಬಹುದಿತ್ತಲ್ಲ?" ಎಂದೆ.

"ನಾನೂ ಅದೇ ಅಂದೆ. ಮಾಸ್ತರ್‌ಗಿ ಒಯ್ದ್ ಕೊಡ್ತೀನಿ ತಾ ಅಂತ ಎಷ್ಟೋ ಸಲ ಜಗಳಾ ಆಡೀನ್ರಿ." ತಂಗಿ ಟ್ರಂಕಿನ ಮುಚ್ಚಳ ಹಾಕಿದಳು. "'ಬ್ಯಾಡ. ಅಂವಗ ಮೊದಲೇ ಇಪ್ಪತ್ತಾರು ಫಿಕರ್ ಅವ. ಇದೊಂದು ಗೊತ್ತಾದ್ರ ಸಾಯೂ ತನಕಾ ನಿದ್ದಿ ಮಾಡಾಂವಲ್ಲ' ಅಂದ್ಳು."

ಬೀದರಿಗೆ ಬಂದು ಹಳೆಯ ನೋಟ್‌ಬುಕ್ಕು ಹುಡುಕಿದೆ. ಕಪಾಟಿನ ತಳದಲ್ಲಿ ಸಿಕ್ಕಿತು. ಮಳೆ, ಕೋತಿ, ಪೊಲೀಸ್, ಮಾವನ ಹೊರಸು, ಒಂಬತ್ತನೆಯ ನಂಬರಿನ ಹುಳ, ಎಲ್ಲ ಇದ್ದವು. ಇಪ್ಪತ್ತಾರರ ಕೆಳಗೆ ಒಂದು ಸಾಲಿಗಾಗುವಷ್ಟು ಜಾಗ ಉಳಿದಿತ್ತು. ಬರೆದೆ:

ಇಪ್ಪತ್ತೇಳು: ನಾನು ಇಟ್ಟ ಒಂದು ಹಿಡಿ ಬೇವಿನೆಲೆ.